ಸೊಟ್ಟ ಶಿಖರದ ಊರಿನ ಸಂತೆ

ನಮ್ಮಲ್ಲಿ ಸಂತೆ ಕೂಡುವುದಕ್ಕೆ ಒಂದು ಬಯಲು, ನಾಲ್ಕು ಮರಗಳ ನೆರಳು ಸಾಕು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. ಅಲ್ಲಿ ಸಂತೆ ಎಂಬುದು ಅರಸನು ದಯಪಾಲಿಸುವ ಹಕ್ಕು. ಡರ್ಬಿಶೈರಿನ ಚೆಸ್ಟರ್‌ಫೀಲ್ಡ್ ಪಟ್ಟಣಕ್ಕೆ ಆ ಹಕ್ಕು 1204ರಲ್ಲಿ ಜಾನ್ ದೊರೆಯ ಸನ್ನದಿನ ಮೂಲಕ ದೊರೆಯಿತು. ಉಣ್ಣೆ, ತೊಗಲು, ಹತ್ತಿರದ ಬೆಟ್ಟಗಳ ಸೀಸ ಇವುಗಳ ವ್ಯಾಪಾರದಿಂದ ಊರು ಬೆಳೆಯಿತು. ಕಟುಕರ ಅಂಗಡಿಗಳಿದ್ದ ಇಕ್ಕಟ್ಟಾದ ಓಣಿಗಳು ಇಂದಿಗೂ 'ಶ್ಯಾಂಬಲ್ಸ್' ಎಂಬ ಹಳೆಯ ಹೆಸರನ್ನೇ ಉಳಿಸಿಕೊಂಡಿವೆ.

ಊರನ್ನು ಹೊರಗಿನವರು ಗುರುತಿಸುವುದು ಮಾತ್ರ ಸೇಂಟ್ ಮೇರಿ ಚರ್ಚಿನ ಶಿಖರದಿಂದ. 228 ಅಡಿ ಎತ್ತರದ ಈ ಶಿಖರ ಹಿಂಡಿದ ಬಟ್ಟೆಯಂತೆ 45 ಡಿಗ್ರಿ ತಿರುಚಿಕೊಂಡಿದೆ. ಒಂಬತ್ತು ಅಡಿಗೂ ಹೆಚ್ಚು ಒಂದು ಕಡೆಗೆ ವಾಲಿದೆ. ಸೈತಾನನು ಬಾಲ ಸುತ್ತಿ ಕುಳಿತಿದ್ದರಿಂದ ಹೀಗಾಯಿತೆಂದು ಊರಿನವರು ಕಥೆ ಹೇಳುತ್ತಾರೆ. ವಿಜ್ಞಾನ ಬೇರೆ ಕಾರಣ ಹೇಳುತ್ತದೆ. ಸುಮಾರು 1362ರಲ್ಲಿ ಹಸಿ ಓಕ್ ಮರದಿಂದ ಕಟ್ಟಿದ ಹಂದರಕ್ಕೆ ಸಾಕಷ್ಟು ಅಡ್ಡಪಟ್ಟಿಗಳಿರಲಿಲ್ಲ. ಮರ ಒಣಗುತ್ತ ಬಾಗಿತು. ಅದರ ಮೇಲೆ ಸುಮಾರು 33 ಟನ್ ಸೀಸದ ಹೊದಿಕೆಯ ಭಾರ. ಬಿಸಿಲು ಬೀಳುವ ದಕ್ಷಿಣದ ಮಗ್ಗುಲಿನ ಸೀಸ ಉತ್ತರದ್ದಕ್ಕಿಂತ ಹೆಚ್ಚು ಹಿಗ್ಗುವುದೂ ಒಂದು ಕಾರಣವೆನ್ನುತ್ತಾರೆ. 1348-49ರ ಮಹಾಮಾರಿಯಲ್ಲಿ ನುರಿತ ಬಡಗಿಗಳು ಸತ್ತುಹೋಗಿದ್ದರೆಂಬ ಅಭಿಪ್ರಾಯವೂ ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಿತು. ಅದರ ಮಾರ್ಗ ಹಾಕಿಸಲು ಬಂದ ಜಾರ್ಜ್ ಸ್ಟೀಫನ್‌ಸನ್ ಇಲ್ಲಿಯೇ ನೆಲೆಸಿ, 1848ರಲ್ಲಿ ಇಲ್ಲಿಯೇ ತೀರಿಕೊಂಡ. ಸುತ್ತಲೂ ಕಲ್ಲಿದ್ದಲ ಗಣಿಗಳು ಹೆಚ್ಚಿದವು. 1857ರಲ್ಲಿ ಸಂತೆಮೈದಾನದಲ್ಲಿ ಮಾರುಕಟ್ಟೆ ಭವನ ಎದ್ದುನಿಂತಿತು.

ಸಂತೆಗೆ ನಿಜವಾದ ಗಂಡಾಂತರ ಬಂದದ್ದು 1970ರ ದಶಕದಲ್ಲಿ. ಹಳೆಯ ಮಾರುಕಟ್ಟೆಯ ಜಾಗದಲ್ಲಿ ಬೃಹತ್ ವ್ಯಾಪಾರ ಸಂಕೀರ್ಣ ಕಟ್ಟುವ ಯೋಜನೆ ಸಿದ್ಧವಾಯಿತು. ಅರಸರು, ಪಿಡುಗು, ಯುದ್ಧಗಳು ಅಳಿಸಲಾಗದ್ದನ್ನು ಒಂದು ನಕ್ಷೆ ಅಳಿಸುವುದರಲ್ಲಿತ್ತು. ಊರಿನ ಜನ ಒಟ್ಟಾಗಿ ವಿರೋಧಿಸಿದರು; ಯೋಜನೆ ಬದಲಾಯಿತು. 1981ರಲ್ಲಿ ತೆರೆದ ಹೊಸ ಅಂಗಡಿ ಸಮುಚ್ಚಯವನ್ನು ಹಳೆಯ ಕಟ್ಟಡಗಳ ಮುಂಭಾಗ ಉಳಿಸಿಕೊಂಡು ಕಟ್ಟಿದರು. ಸಂತೆಮೈದಾನ ತೆರೆದೇ ಉಳಿಯಿತು.

ಮುಂದೆ ಗಣಿಗಳು ಮುಚ್ಚಿದವು. ಗಣಿಯ ಸಂಬಳ ನಿಂತಿತು. ದೊಡ್ಡ ಅಂಗಡಿಗಳ ಪೈಪೋಟಿಯಿಂದ ಸಂತೆಯ ಮಳಿಗೆಗಳೂ ಕಡಿಮೆಯಾದವು. ಆದರೂ ಮಾರುಕಟ್ಟೆ ಭವನ ದುರಸ್ತಿಯಾಗಿ 2013ರಲ್ಲಿ ಮತ್ತೆ ತೆರೆಯಿತು. ಇಂದಿಗೂ ವಾರದಲ್ಲಿ ಹಲವು ದಿನ ಅಲ್ಲಿ ಸಂತೆ ಕೂಡುತ್ತದೆ.

ನೀವು ಎಂದಾದರೂ ಲಂಡನ್ನಿನಿಂದ ಶೆಫೀಲ್ಡಿಗೆ ರೈಲಿನಲ್ಲಿ ಹೊರಟರೆ, ಆ ಸೊಟ್ಟ ಶಿಖರ ಕಿಟಕಿಯಿಂದಲೇ ಕಾಣುತ್ತದೆ. ನೋಡಿ ಮುಂದೆ ಸಾಗಿಬಿಡಬೇಡಿ. ಇಳಿದು ಸಂತೆಯವರೆಗೂ ನಡೆಯಿರಿ. ಶಿಖರ ತಾನಾಗಿಯೇ ಸೊಟ್ಟಗಾಯಿತು. ಸಂತೆ ಮಾತ್ರ ತಾನಾಗಿ ಉಳಿದದ್ದಲ್ಲ.