ಅರ್ಧ ಪರ್ಸೆಂಟ್ ಕಾರ್ಬಾಲಿಕ್

ನಮ್ಮ ಹೊರನಾಡಿನ ಕಡೆ ಯಾವ ಕೊಟ್ಟಿಗೆಗೆ ಹೋದರೂ ಗೋಡೆಯ ಗೂಡಿನಲ್ಲೋ ಮಾಡಿನ ಸಂದಿಯಲ್ಲೋ ಒಂದು ಫಿನಾಯಿಲ್ ಬಾಟಲಿ ಇರುತ್ತದೆ. ದನದ ಗಾಯಕ್ಕೆ ಹುಳ ಬಿದ್ದರೆ ಅದೇ ಮದ್ದು, ಆಷಾಢದ ಮಳೆಯಲ್ಲಿ ಕೊಟ್ಟಿಗೆ ನಾತ ಹೊಡೆದರೂ ಅದೇ. ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವ ಈ ಕಪ್ಪು ದ್ರವ ಶುದ್ಧ ಫೀನಾಲ್ ಅಲ್ಲ. ಕಲ್ಲಿದ್ದಲಿನ ಟಾರಿನಿಂದ ಬಂದ ಅದರ ದಾಯಾದಿಗಳನ್ನು ಸಾಬೂನಿನೊಂದಿಗೆ ಕದಡಿದ್ದು. ವಾಸನೆ ಮಾತ್ರ ನಂಟಸ್ತಿಕೆಯನ್ನು ಮುಚ್ಚಿಡುವುದಿಲ್ಲ. ಪ್ಲೇಗಿನ ಕಾಲದ ವೈದ್ಯಚರಿತ್ರೆಯನ್ನು ಓದುತ್ತಿರುವ ನನಗೆ ಈಗ ಆ ವಾಸನೆ ಬಂದರೆ ಕೊಟ್ಟಿಗೆಗಿಂತ ಮೊದಲು ನೆನಪಾಗುವುದು ಒಂದು ಲಸಿಕೆಯ ಬಾಟಲಿ.

ಫೀನಾಲಿನ ಹಳೆಯ ಹೆಸರು ಕಾರ್ಬಾಲಿಕ್ ಆಮ್ಲ. ಜರ್ಮನಿಯ ರುಂಗೆ 1834ರಲ್ಲಿ ಇದನ್ನು ಟಾರಿನಿಂದ ಬೇರ್ಪಡಿಸಿದ. ಹರಳಿನ ರೂಪದಲ್ಲಿ ಇದು ಚರ್ಮವನ್ನು ಬೆಳ್ಳಗೆ ಸುಟ್ಟು, ಒಳಗಿಳಿದು, ರಕ್ತ ಸೇರುವ ವಿಷ. ಗ್ಲಾಸ್ಗೋದಲ್ಲಿ 1865ರ ಆಗಸ್ಟಿನಲ್ಲಿ ಗಾಡಿ ಹರಿದು ಕಾಲು ಮುರಿದುಕೊಂಡ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಮೊದಲು ನೀರು ಬೆರೆಸದ ಆಮ್ಲವನ್ನೇ ಹಚ್ಚಿದ್ದರು. ಚರ್ಮ ಉರಿಯತೊಡಗಿದಾಗ ತೆಳು ಮಾಡಿದರು. ಕಾಲು ಉಳಿಯಿತು. ಇಪ್ಪತ್ತಕ್ಕೆ ಒಂದರ ಪಾಕ ಮುಂದೆ ವೈದ್ಯರ ಪೆಟ್ಟಿಗೆಯ ಮಾಮೂಲು ಸಾಮಾನಾಯಿತು.

ತೆಳುವಾದರೂ ಅದು ಸಾಧುವಲ್ಲ. ಫೀನಾಲ್ ಚರ್ಮವನ್ನು ಮರಗಟ್ಟಿಸುತ್ತದೆ. ಸುಡುವುದು ತಿಳಿಯುವುದೇ ಇಲ್ಲ. ಬೆರಳಿನ ಸಣ್ಣ ಗಾಯಕ್ಕೆ ಕಾರ್ಬಾಲಿಕ್ ನೀರಿನ ಒದ್ದೆ ಬಟ್ಟೆ ಸುತ್ತಿಕೊಂಡು, ನೋವಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದು, ಕೊನೆಗೆ ಕೊಳೆತ ಬೆರಳನ್ನೇ ಕಳೆದುಕೊಂಡವರ ಪ್ರಕರಣಗಳು ಆ ಕಾಲದ ವೈದ್ಯಪತ್ರಿಕೆಗಳಲ್ಲಿವೆ. ಇನ್ನೊಂದು ಮಿತಿ ಕಣ್ಣಿಗೆ ಬೀಳದ್ದು. ರೋಗಾಣುಗಳನ್ನು ಕೊಲ್ಲುವ ಈ ನೀರು, ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬಿಟ್ಟಿರುವ ಗಟ್ಟಿ ಸಿಪ್ಪೆಯ ಬೀಜಕಗಳನ್ನು ಅಷ್ಟು ಸುಲಭವಾಗಿ ಕೊಲ್ಲಲಾರದು.

ಮುಂಬಯಿಗೆ 1896ರಲ್ಲಿ ಪ್ಲೇಗ್ ಬಂದಾಗ ವಾಲ್ಡೆಮಾರ್ ಹಾಫ್‌ಕಿನ್ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡರು. ಬೆಳೆಸಿದ ಪ್ಲೇಗಿನ ರೋಗಾಣುಗಳನ್ನು 65 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಕೊಂದು, ಕೆಡದಿರಲೆಂದು ಅರ್ಧ ಪರ್ಸೆಂಟ್ ಕಾರ್ಬಾಲಿಕ್ ಸೇರಿಸುವುದು ಅವರ ವಿಧಾನ. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಇದನ್ನು ಚುಚ್ಚಿಸಿಕೊಂಡರು. ಅದೇ ಆಗಸ್ಟಿನಲ್ಲಿ ಪ್ಲೇಗ್ ರೈಲು ಹಿಡಿದು ಬೆಂಗಳೂರಿಗೂ ಬಂತು; ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದ್ದು ಆ ಭಯದಲ್ಲಿ.

ಬೇಡಿಕೆ ಏರಿದಾಗ ಹಾಫ್‌ಕಿನ್ ಬೇಗನೆ ಹೆಚ್ಚು ಲಸಿಕೆ ಸಿಗುವ ಹೊಸ ವಿಧಾನ ಹಿಡಿದು ಕಾರ್ಬಾಲಿಕ್ ಬಿಟ್ಟರು. ಕಾಯಿಸಿದ್ದೇ ಸಾಕು ಎಂಬುದು ಅವರ ಲೆಕ್ಕ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. 53-ಎನ್ ಎಂಬ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನರೂ ಧನುರ್ವಾಯುವಿನಿಂದ ಸತ್ತರು. ಉಳಿದವರಿಗೆ ಏನೂ ಆಗಲಿಲ್ಲ.

ತನಿಖೆಗೆ ನೇಮಕವಾದ ಮೂವರಲ್ಲಿ ಒಬ್ಬರು ಕಸೌಲಿಯ ಪಾಶ್ಚರ್ ಸಂಸ್ಥೆಯ ಡೇವಿಡ್ ಸೆಂಪಲ್. ಬಾಟಲಿ ತೆರೆಯುವ ಮೊದಲೇ ಕೆಟ್ಟಿತ್ತು, ಕಾರ್ಬಾಲಿಕ್ ಬಿಟ್ಟದ್ದು ದೊಡ್ಡ ತಪ್ಪು ಎಂದಿತು ಸಮಿತಿ. ಹಾಫ್‌ಕಿನ್ ಪ್ರಯೋಗಾಲಯವನ್ನು ಬಿಡಬೇಕಾಯಿತು. ಆದರೆ ಹಳ್ಳಿಯಲ್ಲಿ ನಡೆದದ್ದೂ ಕಡತದಲ್ಲಿತ್ತು: ಬಿರಡೆ ತೆಗೆಯುವ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿಯದೆ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಬಳಸಿದ್ದರು. ಹಳ್ಳಿಯ ಮಣ್ಣು, ಅಂದರೆ ಬೀಜಕಗಳ ಮನೆ. ಬಾಟಲಿ ಮುಂಬಯಿಯಲ್ಲೇ ಕೆಟ್ಟಿದ್ದರೆ ಅಷ್ಟು ದಿನಗಳಲ್ಲಿ ಗಬ್ಬು ನಾರಬೇಕಿತ್ತು. ತೆರೆದ ವೈದ್ಯರಿಗೆ ವಾಸನೆ ಬಂದಿರಲಿಲ್ಲ.

ನನಗೆ ಇಲ್ಲಿ ಕಾಡುವುದು ಇದು: ಹಾಫ್‌ಕಿನ್ನರ ಮೇಲಿನ ಆರೋಪ ಕಾರ್ಬಾಲಿಕ್ ಹಾಕಲಿಲ್ಲವೆಂಬುದು, ಆ 19 ಜನ ಸತ್ತದ್ದು ಬಹುಶಃ ಕಾರ್ಬಾಲಿಕ್ ಹಾಕಿದ್ದೇವಲ್ಲ ಎಂಬ ಧೈರ್ಯದಿಂದ. ಲಸಿಕೆಯಲ್ಲಿ ಅರ್ಧ ಪರ್ಸೆಂಟ್ ಇದ್ದಿದ್ದರೂ ಬೀಜಕಗಳನ್ನು ಮೊಳೆಯದಂತೆ ಹಿಡಿದಿಡುತ್ತಿತ್ತೇ ಹೊರತು ಕೊಲ್ಲುತ್ತಿರಲಿಲ್ಲ. ಹೊಸದಾಗಿ ಬಿದ್ದ ಮಣ್ಣಿನ ಮುಂದೆ ಅದೇನು ಮಾಡೀತು? ರೊನಾಲ್ಡ್ ರಾಸ್ ಸೇರಿ ಹತ್ತು ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಮೇಲೆ ಹಾಫ್‌ಕಿನ್ ದೋಷಮುಕ್ತರಾದರು. ಕಲ್ಕತ್ತೆಯಲ್ಲಿ ಕೆಲಸವೂ ಸಿಕ್ಕಿತು, ಲಸಿಕೆ ತಯಾರಿಸುವ ಕೆಲಸ ಮಾತ್ರ ಅಲ್ಲ. ರಷ್ಯಾದ ಯಹೂದಿ, ಮೇಲಾಗಿ ವೈದ್ಯಪದವಿಯೂ ಇಲ್ಲದ ಮನುಷ್ಯ. ಬ್ರಿಟಿಷ್ ವೈದ್ಯಾಧಿಕಾರಿಗಳಿಗೆ ಆತ ಮೊದಲಿಂದಲೂ ಹೊರಗಿನವನೇ.

ಸಮಿತಿಯಲ್ಲಿ ಕುಳಿತಿದ್ದ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ಹುಚ್ಚುನಾಯಿ ಕಡಿತಕ್ಕೆ ಹೊಸ ಲಸಿಕೆ ತಯಾರಿಸಿದರು. ರೋಗ ತಗುಲಿಸಿದ ಪ್ರಾಣಿಯ ಮೆದುಳನ್ನು ಅರೆದು, ಅದರೊಳಗಿನ ವೈರಾಣುವನ್ನು ತೆಳು ಕಾರ್ಬಾಲಿಕ್‌ನಿಂದ ಸಾಯಿಸಿದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ನಮ್ಮ ಕಡೆಯ ಹಿರಿಯರು ಈಗಲೂ ಹೊಟ್ಟೆ ಸವರಿಕೊಂಡು ಹೇಳುತ್ತಾರಲ್ಲ, ಅದು ಈ ವಂಶದ್ದೇ. ಅಲ್ಲಿ ಕಾರ್ಬಾಲಿಕ್ ತನ್ನ ಕೆಲಸ ಮಾಡಿತು. ಅಪಾಯವಿದ್ದದ್ದು ಮೆದುಳಿನ ಅಂಶದಲ್ಲಿ. ಅದು ಕೆಲವರಲ್ಲಿ ನರಗಳಿಗೆ ಹೊಡೆದು ಪಾರ್ಶ್ವವಾಯು ತರುತ್ತಿತ್ತು. ಭಾರತದಲ್ಲಿ ಮೆದುಳಿನ ಈ ಲಸಿಕೆಯ ತಯಾರಿಕೆ ನಿಂತದ್ದು 2004ರ ಡಿಸೆಂಬರಿನಲ್ಲಿ.