ಮಸೂರಗಳ ಬಿರುದಾವಳಿ: ‘ಅಪೋ’ ಎಂಬ ಅಂಕಿತವನ್ನು ಕುರಿತು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ (1902) ಮತ್ತು 8ನೆಯ (1904) ಸಂಪುಟಗಳಲ್ಲಿ ಪ್ರಕಟಿಸಿದರು. ಆ ಕಾಲದ ವಿದ್ವಾಂಸರು ಪಡಿಯಚ್ಚನ್ನು ನೆಚ್ಚುತ್ತಿದ್ದರು. ನಾವಾದರೋ ಕ್ಯಾಮರಾವನ್ನು ನೆಚ್ಚುತ್ತೇವೆ. ಅಂಬ್ಲಿಗೊಳದ ಕಡೆಯ ಒಂದು ವೀರಗಲ್ಲಿನ ಛಾಯಾಚಿತ್ರವನ್ನು ವಿದ್ಯಾರ್ಥಿಗಳೊಡನೆ ಓದುತ್ತಿದ್ದಾಗ ಒಂದು ಅಕ್ಷರದ ಬಲಕ್ಕೆ ಅನುಸ್ವಾರವಿರುವಂತೆ ನಮಗೆ ತೋರಿತು, ಹಾಗೆಯೇ ಬರೆದುಕೊಂಡೆವು. ಮರಳಿ ಹೋಗಿ ಬೆರಳಿಟ್ಟು ನೋಡಲಾಗಿ ಅಲ್ಲಿ ಬಿಂದುವೇ ಇರಲಿಲ್ಲ. ಬಿಸಿಲಿಗೆ ಹೊಳೆಯುತ್ತಿದ್ದ ಕಲ್ಲಿನ ಚಕ್ಕೆಯ ಸುತ್ತ ಮಸೂರವು ನೇರಳೆಯ ಅಂಚನ್ನು ಮೂಡಿಸಿತ್ತು. ಚಿತ್ರವನ್ನು ಕಪ್ಪು-ಬಿಳುಪಿಗೆ ತಂದಾಗ ಆ ಅಂಚೇ ಕುಳಿಯಂತೆ ಕಂಡಿತ್ತು. ವಿಚಿತ್ರವೆಂದರೆ ಆ ಮಸೂರದ ಮೇಲೆ ‘ಅಪೋ’ ಎಂದು ಬರೆದಿತ್ತು.

ಈ ಅಂಕಿತದ ಮೂಲಾರ್ಥವು ಕಟ್ಟುನಿಟ್ಟಾದುದು. ಒಂದೇ ಗಾಜಿನ ಮಸೂರವು ಬೇರೆಬೇರೆ ಬಣ್ಣಗಳ ಕಿರಣಗಳನ್ನು ಬೇರೆಬೇರೆ ದೂರಗಳಲ್ಲಿ ಕೂಡಿಸುತ್ತದೆ. ಎರಡು ಬಗೆಯ ಗಾಜುಗಳನ್ನು ಜೋಡಿಸಿ ಎರಡು ಬಣ್ಣಗಳನ್ನು ಒಂದೆಡೆ ತರುವ ಮಸೂರವು ಅಕ್ರೋಮ್ಯಾಟ್. ಜಾನ್ ಡಾಲಂಡನು 1758ರಲ್ಲಿ ಇದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಮೂರು ಬಣ್ಣಗಳನ್ನು ಒಂದೆಡೆ ಕೂಡಿಸಿ, ಗೋಳದೋಷವನ್ನೂ ಎರಡು ಬಣ್ಣಗಳಿಗೆ ತಿದ್ದಿದುದನ್ನು ಅರ್ನ್‌ಸ್ಟ್ ಅಬ್ಬೆಯು ಅಪೋಕ್ರೋಮ್ಯಾಟ್ ಎಂದು ಕರೆದನು. ಆಟೋ ಷಾಟ್‌ನ ಹೊಸ ಗಾಜುಗಳನ್ನೂ ಫ್ಲೋರೈಟ್ ಹರಳನ್ನೂ ಬಳಸಿದ ಇಂಥ ಸೂಕ್ಷ್ಮದರ್ಶಕ ಮಸೂರಗಳು 1886ರಲ್ಲಿ ಯೇನಾದ ತ್ಸೈಸ್ ಕಾರ್ಖಾನೆಯಿಂದ ಹೊರಬಂದುವು.

ಬಳಿಕ ಈ ಮಾತು ಮುದ್ರಣಾಲಯಕ್ಕೆ ಬಂದಿತು. ವರ್ಣಚಿತ್ರವನ್ನು ಅಚ್ಚುಮಾಡಲು ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆ ನೆಗೆಟಿವ್ ತೆಗೆಯಬೇಕಾಗಿತ್ತು. ಅವುಗಳ ಅಳತೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಣ್ಣಗಳು ಒಂದರ ಮೇಲೊಂದು ಕೂಡುತ್ತಿರಲಿಲ್ಲ. ಅಪೋ-ಟೆಸ್ಸಾರ್, ಅಪೋ-ರೊನಾರ್, ಅಪೋ-ನಿಕ್ಕೋರ್ ಮುಂತಾದ ಮಸೂರಗಳು ಈ ಕೆಲಸಕ್ಕೆ ಒದಗಿದುವು. ಅಂಕಿತವು ಸುಳ್ಳಾದರೆ ಅಚ್ಚಿನ ಹಾಳೆಯೇ ಅದನ್ನು ಹೇಳುತ್ತಿತ್ತು.

ಸಾಮಾನ್ಯ ಛಾಯಾಗ್ರಾಹಕನ ಕೈಗೆ ಬಂದಮೇಲೆ ಈ ಬಿಗಿ ಸಡಿಲವಾಯಿತೆಂದು ನಮ್ಮ ಅಭಿಪ್ರಾಯ. ಫಾಯ್ಕ್‌ಟ್‌ಲೆಂಡರ್ ಸಂಸ್ಥೆಯು 1950ರ ದಶಕದಲ್ಲಿ ತಂದ ಅಪೋ-ಲಾಂಥಾರ್ ಮಸೂರದ ಮುಂದೆ ಮೂರು ಬಣ್ಣದ ಬಳೆಗಳಿದ್ದುವು. ಮೂರು ವರ್ಣಗಳ ಸಂಗಮಕ್ಕೆ ಅದು ಲಾಂಛನ. ಲೈಕಾದ 180 ಮಿ.ಮೀ. ಅಪೋ-ಟೆಲಿಟ್ (1975) ಮೊದಲಾದುವು ಹೆಸರಿಗೆ ತಕ್ಕಂಥವೇ. ಆದರೆ ಸಿಗ್ಮಾ ಸಂಸ್ಥೆಯ 70-300 ಮಿ.ಮೀ. ಅಗ್ಗದ ಮಸೂರವೂ ಎರಡು ರೂಪಗಳಲ್ಲಿ ಮಾರಾಟವಾಯಿತು: ಒಂದು ‘ಅಪೋ’ ಇಲ್ಲದ್ದು, ಇನ್ನೊಂದು ವಿಶೇಷ ಗಾಜನ್ನು ಹೆಚ್ಚಾಗಿ ಬಳಸಿ ‘ಅಪೋ’ ಎನಿಸಿಕೊಂಡದ್ದು. ಇಲ್ಲಿ ಆ ಪದಕ್ಕೆ ‘ನೆರೆಯದಕ್ಕಿಂತ ಮೇಲು’ ಎಂಬಷ್ಟೇ ಅರ್ಥ. ನಿಕಾನ್ ‘ಇ.ಡಿ.’ ಎಂದು ಬರೆದು ಚಿನ್ನದ ಬಳೆಯನ್ನೂ, ಕ್ಯಾನನ್ ‘ಎಲ್’ ಎಂದು ಬರೆದು ಕೆಂಪು ಬಳೆಯನ್ನೂ ತೊಡಿಸಿದುವು. ಮೊದಲನೆಯದು ಗಾಜಿನ ಹೆಸರು, ಎರಡನೆಯದು ದರ್ಜೆಯ ಹೆಸರು. ಎರಡೂ ಮೂರು ಬಣ್ಣಗಳ ವಿಷಯವಾಗಿ ಮಾತು ಕೊಡುವುದಿಲ್ಲ. ಮಾತು ಕೊಡದಿರುವುದೇ ಹೆಚ್ಚು ಪ್ರಾಮಾಣಿಕವೆನ್ನಬಹುದೇನೋ.

ಸೂಕ್ಷ್ಮದರ್ಶಕ ಮಸೂರಗಳ ವರ್ಣಶುದ್ಧಿಗೆ ಐ.ಎಸ್.ಒ. 19012 ಎಂಬ ಅಂತರರಾಷ್ಟ್ರೀಯ ಮಾನಕವುಂಟು. ಕ್ಯಾಮರಾ ಮಸೂರಗಳ ತಯಾರಕರನ್ನು ಹಾಗೆ ಕಟ್ಟಿಹಾಕುವ ಕಟ್ಟಳೆಯಿಲ್ಲ; ಬಿರುದನ್ನು ಕೊಡುವವನೂ ಧರಿಸುವವನೂ ಒಬ್ಬನೇ. ಶಾಸನಾಭ್ಯಾಸಿಗಳಿಗೆ ಇದು ಹೊಸತಲ್ಲ. ಗೋವೆಯ ಕದಂಬರು ಬನವಾಸಿಯನ್ನು ಆಳದೆಯೇ ‘ಬನವಾಸಿಪುರವರಾಧೀಶ್ವರ’ರೆನಿಸಿಕೊಂಡರು. ಆ ಬಿರುದು ವಂಶದ ನೆನಪನ್ನು ತಿಳಿಸುತ್ತದೆಯೇ ಹೊರತು ಗಡಿಯನ್ನಲ್ಲ. ಅದನ್ನು ಓದಿ ಭೂಪಟ ಬರೆಯುವವನು ಎಡವುತ್ತಾನೆ. ನಾವು ಎಡವಿದ್ದೂ ಹೀಗೆಯೇ.

ಪರೀಕ್ಷೆಯು ಸುಲಭವಾದುದು. ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಮಸೂರದ ದ್ವಾರವನ್ನು ಪೂರ್ತಿ ತೆರೆದು, ನಡುವಿನ ಗೆರೆಗೆ ನಾಭಿ ಹೊಂದಿಸಿ ಚಿತ್ರ ತೆಗೆಯಬೇಕು. ಮುಂದಿನ ಗೆರೆಗಳು ನೇರಳೆಯಾಗಿ ಹಿಂದಿನವು ಹಸಿರಾಗಿ ಕಂಡರೆ, ಹೊರಗೆ ಏನು ಬರೆದಿದ್ದರೂ ವರ್ಣದೋಷ ಉಳಿದಿದೆಯೆಂದು ತಿಳಿಯತಕ್ಕದ್ದು. ದ್ವಾರವನ್ನು ಕಿರಿದುಮಾಡಿದರೆ ಈ ದೋಷವು ಬಹುಮಟ್ಟಿಗೆ ಅಡಗುತ್ತದೆ. ಚಿತ್ರದ ಅಂಚುಗಳಲ್ಲಿ ಬಣ್ಣಗಳ ಅಳತೆಯೇ ವ್ಯತ್ಯಾಸವಾಗುವ ಇನ್ನೊಂದು ದೋಷವು ಅಡಗುವುದಿಲ್ಲ. ಆದುದರಿಂದ ಅಕ್ಷರಗಳನ್ನು ಚಿತ್ರದ ನಡುವೆ ಇರಿಸಿಕೊಳ್ಳುವುದು ಲೇಸು.

ನಮ್ಮ ಪಾಠದಿಂದ ಆ ಅನುಸ್ವಾರವನ್ನು ತೆಗೆದುಹಾಕಿದ್ದೇವೆ. ಈಗ ಪ್ರತಿಯೊಂದು ಚಿತ್ರದೊಡನೆ ಮಸೂರ, ದ್ವಾರದ ಅಳತೆ, ಬೆಳಕಿನ ದಿಕ್ಕು ಇವುಗಳನ್ನೂ, ಕಲ್ಲನ್ನು ಕೈಯಿಂದ ಮುಟ್ಟಿ ನೋಡಲಾಯಿತೇ ಇಲ್ಲವೇ ಎಂಬುದನ್ನೂ ಬರೆದಿಡುತ್ತಿದ್ದೇವೆ.