ಕಾಲ್ಬೆರಳ ಗಾಯಕ್ಕೆ ಹೆಸರಿಟ್ಟ ಕಥೆ

ಗೋಕಾಕ ಸೀಮೆಯ ಅರಭಾವಿಯ ಸುತ್ತ ಘಟಪ್ರಭೆಯ ನೀರು ಹರಿಯುವ ಹೊಲಗಳೆಲ್ಲ ಕಬ್ಬಿನವು. ಕಬ್ಬು ಕಡಿದ ಮೇಲೆ ಬರಿಗಾಲಿನಲ್ಲಿ ನಡೆದವನ ಅಂಗಾಲಿಗೆ ಕೂಳೆ ಚುಚ್ಚುವುದು, ನೀರು ಹಾಯಿಸುವವನ ಬೆರಳಸಂದಿಯಲ್ಲಿ ಕೆಸರುಹುಣ್ಣು ಏಳುವುದು, ಕಲ್ಲಿಗೆ ಎಡವಿ ಹೆಬ್ಬೆರಳ ಉಗುರು ಕಪ್ಪಾಗುವುದು ನಿತ್ಯದ ಸಂಗತಿಗಳು. ಮನೆಯಲ್ಲಿ ಇವೆಲ್ಲಕ್ಕೂ ಒಂದೇ ಮಾತು: “ಕಾಲಿಗೆ ಪೆಟ್ಟಾಗೇದ.” ವೈದ್ಯನಿಗೆ ಈ ಮಾತು ಸಾಲದು. ಪೆಟ್ಟು ಎಂತಹದೆಂದು ಬೇರ್ಪಡಿಸಿ ಹೆಸರಿಟ್ಟ ಮೇಲೆಯೇ ಚಿಕಿತ್ಸೆಯ ದಾರಿ ತೋರುವುದು.

ಈ ವಿವೇಕ ಬಹು ಪುರಾತನವಾದುದು. ಆಗಂತುಕ ಗಾಯಗಳನ್ನು ಸುಶ್ರುತನು ಆರು ಬಗೆಯಾಗಿ ವಿಂಗಡಿಸಿದನು: ಕತ್ತರಿಸಿದ್ದು ಛಿನ್ನ, ಒಳಗಿನ ಆಶಯದವರೆಗೆ ಇರಿದದ್ದು ಭಿನ್ನ, ಮೊನಚಾದುದು ಚುಚ್ಚಿದ್ದು ವಿದ್ಧ, ಏರುಪೇರಾಗಿ ಹರಿದದ್ದು ಕ್ಷತ, ಜಜ್ಜಿದ್ದು ಪಿಚ್ಚಿತ, ಚರ್ಮ ತರಚಿದ್ದು ಘೃಷ್ಟ. ಕ್ಷುದ್ರರೋಗಗಳೆಂಬ ಅಧ್ಯಾಯದಲ್ಲಿ ಆತ ಕಾಲನ್ನೂ ಮರೆಯಲಿಲ್ಲ. ಹಿಮ್ಮಡಿ ಒಡಕಿಗೆ ಪಾದದಾರಿ, ಹರಳು ಮುಳ್ಳುಗಳಿಂದ ಏಳುವ ಆಣಿಗೆ ಕದರ, ಕೆಟ್ಟ ಕೆಸರಿನಿಂದ ಬೆರಳಸಂದಿಗೆ ಬರುವ ಹುಣ್ಣಿಗೆ ಅಲಸ, ಪೆಟ್ಟಿನಿಂದ ಕಪ್ಪಾಗಿ ಒರಟಾದ ಉಗುರಿಗೆ ಕುನಖ ಎಂದು ಹೆಸರಿಟ್ಟನು. ನಮ್ಮ ರೈತನ ಕಾಲನ್ನೇ ನೋಡಿ ಬರೆದಂತಿದೆಯಲ್ಲವೆ! 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿ ವೈದ್ಯಶಾಸ್ತ್ರವನ್ನು ಕನ್ನಡಕ್ಕೆ ತಂದನು.

ಪಶ್ಚಿಮದಲ್ಲಿ ಈ ಕಾರ್ಯ ಮರಣದ ಲೆಕ್ಕದಿಂದ ಮೊದಲಾಯಿತು. ಲಂಡನ್ನಿನ ಮರಣಪಟ್ಟಿಗಳನ್ನು ಪರಿಶೀಲಿಸಿ ಜಾನ್ ಗ್ರಾಂಟ್ 1662ರಲ್ಲಿ ಗ್ರಂಥ ಬರೆದನು. 19ನೆಯ ಶತಮಾನದಲ್ಲಿ ವಿಲಿಯಂ ಫಾರ್, ಒಂದೇ ರೋಗಕ್ಕೆ ಹತ್ತು ಹೆಸರಿದ್ದರೆ ಲೆಕ್ಕವೇ ಸುಳ್ಳಾಗುವುದೆಂದು ಎಚ್ಚರಿಸಿದನು. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಮರಣಕಾರಣಗಳ ಪಟ್ಟಿಯನ್ನು ಮಂಡಿಸಿದನು. ಅದನ್ನು ಹಲವು ರಾಷ್ಟ್ರಗಳು ಅಂಗೀಕರಿಸಿದವು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಆರನೆಯ ಪರಿಷ್ಕರಣವನ್ನು ಕೈಗೊಂಡಾಗ, ಸಾವನ್ನು ತರದ ರೋಗಗಳಿಗೂ ಗಾಯಗಳಿಗೂ ಅಲ್ಲಿ ಸ್ಥಾನ ದೊರೆಯಿತು. ಎಡವಿದ ಬೆರಳು ಜಗತ್ತಿನ ಲೆಕ್ಕಕ್ಕೆ ಸೇರಿದ್ದು ಹೀಗೆ.

1990ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣದಲ್ಲಿ ಎಸ್ 90ರಿಂದ ಎಸ್ 99ರವರೆಗಿನ ಸಂಕೇತಗಳು ಕಾಲಿನ ಹರಡು ಮತ್ತು ಪಾದದ ಗಾಯಗಳಿಗೆ ಮೀಸಲು. ಬೆರಳು ಜಜ್ಜಿ ಉಗುರು ಉಳಿದಿದ್ದರೆ ಎಸ್ 90.1, ಉಗುರೂ ಕೆಟ್ಟಿದ್ದರೆ ಎಸ್ 90.2, ಬೆರಳ ತೆರೆದ ಗಾಯಕ್ಕೆ ಎಸ್ 91.1 ಮತ್ತು 91.2, ಹೆಬ್ಬೆರಳ ಮೂಳೆ ಮುರಿದರೆ ಎಸ್ 92.4, ಉಳಿದ ಬೆರಳಿನದಾದರೆ ಎಸ್ 92.5. ಗಾಯ ಹೇಗಾಯಿತೆಂಬುದಕ್ಕೆ ಬೇರೆ ಸಂಕೇತವೇ ಉಂಟು. 2022ರ ಜನವರಿಯಿಂದ ಹನ್ನೊಂದನೆಯ ಪರಿಷ್ಕರಣವೂ ಜಾರಿಗೆ ಬಂದಿದೆ.

ಇಷ್ಟು ಸೂಕ್ಷ್ಮ ಬೇಕೆ ಎಂದು ಕೇಳುವವರುಂಟು. ಜಜ್ಜಿದ ಬೆರಳಿಗೆ ವಿಶ್ರಾಂತಿ ಸಾಕಾದೀತು. ಕೂಳೆ ಚುಚ್ಚಿದ ಗಾಯ ಹಾಗಲ್ಲ. ಅದರ ಬಾಯಿ ಕಿರಿದು, ಆಳ ಹಿರಿದು. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವ ಧನುರ್ವಾಯುವಿನ ಜೀವಾಣು ಗಾಳಿಯಾಡದ ಅಂತಹ ಆಳದಲ್ಲಿಯೇ ಬೆಳೆಯುವುದು. ಮಧುಮೇಹಿಗೆ ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಗಾಯವೇ ಗೊತ್ತಾಗದೆ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬಂದೀತು. ‘ಕಾಲಿನ ಪೆಟ್ಟು’ ಎಂದಷ್ಟೇ ಬರೆದರೆ ಈ ಭೇದ ಮರೆಯಾಗುವುದು. ಯಾವ ಊರಿನಲ್ಲಿ ಯಾವ ಗಾಯ ಹೆಚ್ಚೆಂಬುದೂ ಸರಕಾರಕ್ಕೆ ತಿಳಿಯದೆ ಹೋಗುವುದು.

ಎಡವಿದ ಬೆರಳೇ ಎಡವುವುದೆಂಬ ಗಾದೆ ನಮ್ಮಲ್ಲಿದೆ. ದವಾಖಾನೆಗೆ ಹೋದಾಗ ಏನು ತಗಲಿತು, ಎಲ್ಲಿ, ಎಂದು, ಉಗುರಿಗೂ ಪೆಟ್ಟಾಗಿದೆಯೆ, ಧನುರ್ವಾಯುವಿನ ಸೂಜಿಮದ್ದು ಹಿಂದೆ ಯಾವಾಗ ಆಗಿತ್ತು ಎಂಬುದನ್ನು ಬಿಡಿಸಿ ಹೇಳಬೇಕು. ಸರಿಯಾದ ಹೆಸರು ಹುಟ್ಟುವುದು ರೋಗಿಯ ಆ ಮಾತಿನಿಂದಲೇ.